ಗ್ರಾಫ್‌ನ ಸ್ಕೇಲ್ ನಮ್ಮ ಕೈಗೇ ಕೊಡುವ ಹವಾಮಾನ ಆಪ್: ಹುಬ್ಬಳ್ಳಿಯಲ್ಲಿ ಬಳಸಿ ಬರೆದ ರಿವ್ಯೂ

ನಾಲ್ಕು ಸ್ಟಾರ್ ಕೊಟ್ಟಿದ್ದೇನೆ, ನಾಲ್ಕೂ ಗ್ರಾಫ್‌ಗೇ. ಮಳೆ ಬರುತ್ತೋ ಇಲ್ವೋ ಅನ್ನೋ ವಿಷಯದಲ್ಲಿ ಈ ಆಪ್ ಬೇರೆಯವುಗಳಿಗಿಂತ ಜಾಣ ಏನಲ್ಲ. ಆಗೋದೂ ಕಷ್ಟ. ಫೋನಿನಲ್ಲಿ ಸಿಗುವ ಬಹಳಷ್ಟು ಹವಾಮಾನ ಆಪ್‌ಗಳು ತಿರುಗಿ ಮುರುಗಿ ಅದೇ ಎರಡು ಮೂರು ಕಡೆಯಿಂದ ಲೆಕ್ಕ ತರುತ್ತವೆ. ಅಮೆರಿಕದ ಜಿಎಫ್‌ಎಸ್, ಯುರೋಪಿನ ಇಸಿಎಂಡಬ್ಲ್ಯುಎಫ್, ಜರ್ಮನಿಯ ಐಕಾನ್, ಕಂಪ್ಯೂಟರಿನಲ್ಲಿ ಹವಾಮಾನದ ಲೆಕ್ಕ ಹಾಕುವ ಮಾಡೆಲ್‌ಗಳು ಇವು. ಹಿಟ್ಟು ಒಂದೇ, ರೊಟ್ಟಿ ಬಡಿಯುವ ಕೈ ಬೇರೆ. ಈ ಆಪ್‌ನಲ್ಲಿ ಆ ಕೈ ನಮ್ಮದೇ ಆಗಬಹುದು. ಸ್ಕೇಲ್ ಎಲ್ಲಿಂದ ಎಲ್ಲಿಯವರೆಗೆ, ಮಳೆಗೆ ಪಟ್ಟಿಯೋ ಗೆರೆಯೋ, ಯಾವ ಡಿಗ್ರಿಗೆ ಯಾವ ಬಣ್ಣ, ದಿನದ ಲೆಕ್ಕ ಎಷ್ಟು ಗಂಟೆಗೆ ಶುರು, ಎಲ್ಲವನ್ನೂ ನಾವೇ ಹೇಳಬಹುದು.

ನನಗೆ ಇದರ ಉಪಯೋಗ ಎರಡು ಥರ. ಮನೆ ನವನಗರದಲ್ಲಿ, ಕೆಲಸ ಧಾರವಾಡದಲ್ಲಿ, ಓಡಾಟ ಬೈಕ್‌ನಲ್ಲಿ. ಅಣ್ಣ ಅಣ್ಣಿಗೇರಿ ಹತ್ತಿರ ಒಕ್ಕಲುತನ ಮಾಡುತ್ತಾನೆ, ಪೂರ್ತಿ ಎರೆ ಹೊಲ, ಅಂದ್ರೆ ಕಪ್ಪು ಮಣ್ಣು. ನನಗೆ ಬೇಕಾದ್ದು ಸಂಜೆ ಆರಕ್ಕೆ ರೇನ್‌ಕೋಟ್ ಬೇಕೋ ಬೇಡವೋ ಅನ್ನೋದು. ಅವನಿಗೆ ಬೇಕಾದ್ದು ನಾಳೆ ಬೆಳೆಗೆ ಎಣ್ಣಿ (ಕೀಟನಾಶಕ) ಹೊಡೆಯಬಹುದೋ ಇಲ್ಲವೋ, ಮಳೆ ನಿಂತ ಮೇಲೆ ಹೊಲದೊಳಗೆ ಕಾಲಿಡೋಕೆ ಎಷ್ಟು ದಿನ ಕಾಯಬೇಕು ಅನ್ನೋದು. ಇಬ್ಬರ ಫೋನಿನಲ್ಲೂ ಆಪ್ ಒಂದೇ, ಗ್ರಾಫ್ ಮಾತ್ರ ಬೇರೆ ಬೇರೆ.

ಮೊದಲು ಆಟೋ ಸ್ಕೇಲ್ ಬಗ್ಗೆ ಹೇಳಬೇಕು. ಎಲ್ಲ ಗಲಾಟೆ ಅಲ್ಲಿಂದಲೇ ಶುರು. ಆಪ್ ಹಾಕಿಕೊಂಡ ಕೂಡಲೇ ಗ್ರಾಫ್‌ಗಳೆಲ್ಲ ಆಟೋದಲ್ಲಿ ಇರುತ್ತವೆ. ಅಂದ್ರೆ ಆ ವಾರದ ಅತಿ ದೊಡ್ಡ ಅಂಕಿ ಯಾವುದೋ ಅದೇ ಗ್ರಾಫ್‌ನ ತುದಿ. ಮೇ ತಿಂಗಳ ಸಂಜೆ ಗುಡುಗು ಸಿಡಿಲಿನ ಜೊತೆ ಗಂಟೆಗೆ 30 ಮಿ.ಮೀ ಸುರಿಯುವ ಮಳೆಯೂ ಪರದೆಯ ತುದಿ ಮುಟ್ಟುತ್ತದೆ. ಮಳೆಯೇ ಇಲ್ಲದ ವಾರದಲ್ಲಿ ಒಂದು ಮೋಡ ಉದುರಿಸಿ ಹೋಗುವ 0.6 ಮಿ.ಮೀ ಕೂಡ ಅದೇ ತುದಿ ಮುಟ್ಟುತ್ತದೆ. ಕಣ್ಣಿಗೆ ಎರಡೂ ಒಂದೇ. ನೀಲಿ ಗೋಪುರ ನೋಡಿ ಅಣ್ಣ ಫೋನ್ ಮಾಡುತ್ತಾನೆ.

"ತಮ್ಮಾ, ಗುರುವಾರ ದೊಡ್ಡ ಮಳಿ ತೋರಸಾಕತ್ತೈತಲ್ಲೋ, ಎಣ್ಣಿ ಹೊಡಿಯೂದು ಬಿಡ್ಲೇನು?"

"ಅಣ್ಣಾ, ಎಡಗಡೆ ನಂಬರ್ ನೋಡು. ಮ್ಯಾಲ ಎಷ್ಟೈತಿ?"

"ಸೊನ್ನಿ ಪಾಯಿಂಟ್ ಆರು."

"ಅಂದ್ರ ಅಂಗಳಾನೂ ತೊಯ್ಯಂಗಿಲ್ಲ."

1 ಮಿ.ಮೀ ಮಳೆ ಅಂದ್ರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. 0.6 ಅಂದ್ರೆ ಅದಕ್ಕಿಂತಲೂ ಕಡಿಮೆ. ಬಿಸಿ ನೆಲದ ಮೇಲೆ ಬಿದ್ದ ಹಾಗೇ ಆರಿ ಹೋಗುತ್ತದೆ. ಗ್ರಾಫ್ ಸುಳ್ಳು ಹೇಳಿಲ್ಲ, ನಂಬರ್ ಅಲ್ಲೇ ಇತ್ತು. ಆದರೆ ಹೊಲದಲ್ಲಿ ನಿಂತು ಬಿಸಿಲಿಗೆ ಕೈ ಅಡ್ಡ ಹಿಡಿದು ಫೋನ್ ನೋಡುವವನು ನೋಡೋದು ಪಟ್ಟಿಯ ಎತ್ತರವನ್ನೇ. ಎಡಗಡೆಯ ಸಣ್ಣಕ್ಷರ ಯಾರು ಓದುತ್ತಾರೆ ಹೇಳಿ.

ಸರಿ ಮಾಡೋದು ಹೀಗೆ. ಗ್ರಾಫ್‌ನ ಎಡಬದಿಯ ಅಂಕಿಗಳ ಮೇಲೆ ಬೆರಳು ಒತ್ತಿ ಹಿಡಿದರೆ ಒಂದು ಸಣ್ಣ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಆಟೋ ಅನ್ನೋ ಕಡೆ ಟಿಕ್ ಇರುತ್ತದೆ. ಅದನ್ನು ತೆಗೆದ ಮೇಲೆಯೇ ಕೆಳಗಿನ ಎರಡು ಖಾನೆ ಜೀವ ಪಡೆಯೋದು, ಒಂದು ಕನಿಷ್ಠ, ಇನ್ನೊಂದು ಗರಿಷ್ಠ. ಅಂಕಿ ಹಾಕೋಕೆ ಕೀಬೋರ್ಡ್ ಮೇಲೆ ಬಂದ ಕೂಡಲೇ ಓಕೆ ಬಟನ್ ಅದರ ಹಿಂದೆ ಮುಚ್ಚಿ ಹೋಗುತ್ತದೆ. ಬ್ಯಾಕ್ ಒಂದೇ ಸಲ ಒತ್ತಿ ಕೀಬೋರ್ಡ್ ಇಳಿಸಬೇಕು. ಎರಡು ಸಲ ಒತ್ತಿದರೆ ಪೆಟ್ಟಿಗೆಯೇ ಮುಚ್ಚಿ ಹಾಕಿದ್ದೆಲ್ಲ ಹೋಗುತ್ತದೆ. ಇದನ್ನು ಮಾಡಿದವರು ತಮ್ಮ ಫೋನಿನಲ್ಲಿ ಒಮ್ಮೆ ಸುಮ್ನೆ ಒತ್ತಿ ನೋಡಿದ್ದರೂ ಗೊತ್ತಾಗುತ್ತಿತ್ತು. ಇರಲಿ.

ಗಂಟೆವಾರು ಮಳೆಗೆ ನಾನು 0ಯಿಂದ 20 ಮಿ.ಮೀ ಇಟ್ಟಿದ್ದೇನೆ. 20 ದಾಟಿದರೆ ಪಟ್ಟಿ ಮೇಲೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. ತೊಂದರೆ ಇಲ್ಲ. ಗಂಟೆಗೆ 20 ದಾಟಿದ ಮೇಲೆ 28 ಆದರೇನು 34 ಆದರೇನು, ಬೈಕ್ ನಿಲ್ಲಿಸಿ ಅಂಗಡಿ ಮುಂದೆ ನಿಲ್ಲೋದೇ.

ಆದರೆ ಇಲ್ಲೊಂದು ತೊಡಕಿದೆ. ಜುಲೈನಲ್ಲಿ ಧಾರವಾಡದ ಮಳೆ ಬೇರೆ ಥರ. ಜಿಟಿ ಜಿಟಿ. ಬೆಳಿಗ್ಗೆ ಶುರುವಾದರೆ ಸಂಜೆಯವರೆಗೆ ಗಂಟೆಗೆ ಅರ್ಧ ಮಿ.ಮೀ, ಮುಕ್ಕಾಲು ಮಿ.ಮೀ. 20ರ ಸ್ಕೇಲ್‌ನಲ್ಲಿ 0.5 ಅಂದ್ರೆ ಗ್ರಾಫ್‌ನ ನಲವತ್ತನೇ ಒಂದು ಭಾಗ. ಕಣ್ಣಿಗೆ ಬೀಳೋದೇ ಇಲ್ಲ. ಗ್ರಾಫ್ ಖಾಲಿ ಅಂತ ಹೊರಟರೆ ಸತ್ತೂರು ದಾಟೋದರೊಳಗೆ ಪ್ಯಾಂಟ್ ಒದ್ದೆ. ಈ ಆಪ್ ನನಗೆ ಹಿಡಿಸಿದ್ದೇ ಇಲ್ಲಿ. ಅದೇ ಪೆಟ್ಟಿಗೆಯಲ್ಲಿ ಸ್ಕೇಲ್‌ನ ಬಗೆ ಅಂತ ಇನ್ನೊಂದು ಆಯ್ಕೆ ಇದೆ: ಸಾದಾ, ವರ್ಗಮೂಲ, ಲಾಗ್. ವರ್ಗಮೂಲ ಇಟ್ಟರೆ ಕೆಳಗಿನ ಅಂಕಿಗಳಿಗೆ ಜಾಗ ಜಾಸ್ತಿ ಸಿಗುತ್ತದೆ, ಮೇಲಿನವು ಒತ್ತೊತ್ತಾಗಿ ಕೂರುತ್ತವೆ. 20ರ ಗ್ರಾಫ್‌ನಲ್ಲಿ 5 ಮಿ.ಮೀ ಸರಿಯಾಗಿ ಅರ್ಧ ಎತ್ತರಕ್ಕೆ ಬರುತ್ತದೆ. 0.5 ಮಿ.ಮೀ ಸುಮಾರು ಆರನೇ ಒಂದು ಭಾಗ. ಸೋನೆ ಮಳೆ ಸೋನೆಯ ಹಾಗೇ ಕಾಣುತ್ತದೆ, ದೊಡ್ಡ ಮಳೆ ದೊಡ್ಡದಾಗಿ. ಲಾಗ್ ಮುಟ್ಟಬೇಡಿ. ಲಾಗ್‌ನಲ್ಲಿ ಸೊನ್ನೆಗೆ ಜಾಗವೇ ಇಲ್ಲ, ಮಳೆ ಇಲ್ಲದ ಗಂಟೆಗಳಲ್ಲಿ ಗ್ರಾಫ್ ಏನೇನೋ ಆಡುತ್ತದೆ.

ಇನ್ನೊಂದು ಮೋಸ ಐದನೇ ದಿನದ ನಂತರ ಕಾದಿರುತ್ತದೆ. ಜಿಎಫ್‌ಎಸ್ ಲೆಕ್ಕ ಮೊದಲ 120 ಗಂಟೆ ಗಂಟೆಗೊಂದರಂತೆ ಬರುತ್ತದೆ, ಆಮೇಲೆ ಮೂರು ಗಂಟೆಗೊಂದು. ಹಾಗಾಗಿ ಆರನೇ ದಿನದ ಒಂದು ಪಟ್ಟಿಯಲ್ಲಿ ಮೂರು ಗಂಟೆಯ ಮಳೆ ಒಟ್ಟಿಗೆ ಕೂತಿರುತ್ತದೆ. ಮಳೆ ಅಷ್ಟೇ ಇದ್ದರೂ ಪಟ್ಟಿ ದಿಢೀರನೆ ಮೂರು ಪಟ್ಟು ಎತ್ತರ. ವಾರದ ಕೊನೆಗೆ ಜೋರು ಮಳೆ ಐತಿ ಅಂತ ಅಣ್ಣ ಸಾಲಾಗಿ ಹೇಳುತ್ತಿದ್ದದ್ದು, ಆ ವಾರದ ಕೊನೆ ಹತ್ತಿರ ಬಂದ ಹಾಗೆಲ್ಲ ಮಳೆ ಕರಗಿ ಹೋಗುತ್ತಿದ್ದದ್ದು ಇದರಿಂದಲೇ. ಸೆಟ್ಟಿಂಗ್ಸ್‌ನಲ್ಲಿ ಮಳೆಯ ಅಳತೆಯನ್ನು 'ಒಟ್ಟು ಮಿ.ಮೀ' ಬಿಟ್ಟು 'ಗಂಟೆಗೆ ಮಿ.ಮೀ' ಮಾಡಿದರೆ ಮೂರರಿಂದ ಭಾಗಿಸಿ ತೋರಿಸುತ್ತದೆ. ಇದು ಮೊದಲಿನಿಂದಲೇ ಹಾಗಿರಬೇಕಿತ್ತು ಅಲ್ವಾ? ಯಾಕೆ ಅಡಗಿಸಿ ಇಟ್ಟಿದ್ದಾರೋ ಗೊತ್ತಿಲ್ಲ.

ಅಣ್ಣನ ಫೋನಿನಲ್ಲಿ ಗಂಟೆವಾರು ಪಟ್ಟಿಯನ್ನೇ ತೆಗೆದು ಹಾಕಿದ್ದೇವೆ. ಅಲ್ಲಿರೋದು ಒಟ್ಟು ಮಳೆಯ ಗೆರೆ. ಇವತ್ತಿನಿಂದ ಏಳು ದಿನ ಬೀಳುವ ಮಳೆಯನ್ನು ಕೂಡಿಸುತ್ತಾ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುವ ಒಂದೇ ಗೆರೆ. ಎರೆ ಹೊಲದವರಿಗೆ ಇದಕ್ಕಿಂತ ಒಳ್ಳೆ ಗ್ರಾಫ್ ಇಲ್ಲ. ಕೆಂಪು ಮಣ್ಣಿನ ಮಸಾರಿ ನೆಲದಲ್ಲಿ ಮಳೆ ನಿಂತ ಮರುದಿನವೇ ಎಡೆ ಹೊಡೆಯಬಹುದು. ಎರೆಯಲ್ಲಿ ನಡೆಯೋದೇ ಇಲ್ಲ, ಕಾಲು ಹೂತು ಹೋಗುತ್ತದೆ, ಟ್ರ್ಯಾಕ್ಟರ್ ಇಳಿಸಿದರಂತೂ ಮುಗೀತು. ಯಾವ ಗಂಟೆಗೆ ಎಷ್ಟು ಬಿತ್ತು ಅನ್ನೋದಕ್ಕಿಂತ ಒಟ್ಟು ಎಷ್ಟು ಇಳಿಯಿತು, ಎಲ್ಲಿಂದ ಗೆರೆ ಚಪ್ಪಟೆಯಾಯಿತು ಅನ್ನೋದೇ ಮುಖ್ಯ. ಗೆರೆ ಚಪ್ಪಟೆಯಾದ ಜಾಗದಿಂದ ಅಣ್ಣ ದಿನ ಎಣಿಸುತ್ತಾನೆ. ಅದರ ಸ್ಕೇಲ್ 0ಯಿಂದ 100 ಮಿ.ಮೀ, ಆಟೋ ಇಲ್ಲವೇ ಇಲ್ಲ. ಆಗಸ್ಟ್‌ನಲ್ಲಿ ಹೆಸರುಕಾಯಿ ಬಿಡಿಸುವ ಹೊತ್ತಿಗೆ ಈ ಗೆರೆ ಮೇಲೆ ಕಣ್ಣಿಟ್ಟೇ ಕೂತಿರುತ್ತಾನೆ. ಒಣಗಿದ ಕಾಯಿ ಗಿಡದಲ್ಲೇ ನೆನೆದರೆ ಕಾಳು ಅಲ್ಲೇ ಮೊಳಕೆ ಒಡೆಯುತ್ತದಲ್ಲ.

ಊರಲ್ಲಿ ಮಳೆ ಲೆಕ್ಕ ಇವತ್ತಿಗೂ ನಕ್ಷತ್ರದ್ದೇ. ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲ ಜೋಳ ಅಂತ ಹೇಳೋರು ಈಗಲೂ ಇದ್ದಾರೆ. ಒಂದೊಂದು ಮಳೆ ನಕ್ಷತ್ರ ಹದಿಮೂರು ಹದಿನಾಲ್ಕು ದಿನ. ಈ ಆಪ್‌ನಲ್ಲಿ ಒಟ್ಟು ಮಳೆಯ ಗೆರೆಯನ್ನು 14 ದಿನದವರೆಗೂ ಎಳೆಯಬಹುದು, ಆದರೆ ಎಳೆಯಬೇಡಿ. ಏಳೆಂಟು ದಿನದ ಆಚೆಯ ಮಳೆಯ ಅಂಕಿ ಬರೀ ಅಂದಾಜು. ಗೆರೆ ಅಷ್ಟೇ ದಪ್ಪ, ಅಷ್ಟೇ ಗಟ್ಟಿ ಬಣ್ಣದಲ್ಲಿ ಇರೋದರಿಂದ ನಂಬಿಕೆ ಬಂದುಬಿಡುತ್ತದೆ. ನಾನು ಐದನೇ ದಿನದಿಂದಾಚೆ ಗೆರೆ ಮಸುಕಾಗುವಂತೆ ಮಾಡಿದ್ದೇನೆ. ಆ ಆಯ್ಕೆ 'ಪ್ರದರ್ಶನ' ಅನ್ನೋ ಪುಟದ ಕೊನೆಯಲ್ಲಿದೆ.

ದಿನದ ಒಟ್ಟು ಮಳೆ ತೋರಿಸುವ ಗ್ರಾಫ್ ಬೇರೆಯದೇ ಇದೆ. ಇದನ್ನು ಪೇಪರಿನಲ್ಲಿ ಬರುವ ಮಳೆ ಅಂಕಿ ಜೊತೆ ಹೋಲಿಸಿ 'ಆಪ್ ಪೂರ್ತಿ ತಪ್ಪು' ಅಂತ ಸಿಟ್ಟಾಗೋರನ್ನು ನೋಡಿದ್ದೇನೆ. ಹವಾಮಾನ ಇಲಾಖೆಯ ದಿನ ಶುರುವಾಗೋದು ಬೆಳಿಗ್ಗೆ 8.30ಕ್ಕೆ. ನಿನ್ನೆ 8.30ರಿಂದ ಇವತ್ತು 8.30ರವರೆಗೆ ಬಿದ್ದದ್ದು ಇವತ್ತಿನ ಮಳೆ. ಆಪ್‌ನ ದಿನ ನಡುರಾತ್ರಿಯಿಂದ ನಡುರಾತ್ರಿಗೆ. ರಾತ್ರಿ ಹನ್ನೊಂದರಿಂದ ಬೆಳಗಿನ ಮೂರರವರೆಗೆ ಸುರಿದರೆ ಆಪ್ ಅದನ್ನು ಎರಡು ದಿನಕ್ಕೆ ಹಂಚುತ್ತದೆ, ಇಲಾಖೆ ಒಂದೇ ದಿನಕ್ಕೆ ಬರೆಯುತ್ತದೆ. ಈ ಆಪ್‌ನಲ್ಲಿ ದಿನ ಶುರುವಾಗುವ ಹೊತ್ತನ್ನು ಬದಲಿಸಬಹುದು, ಅದೂ ಅರ್ಧ ಗಂಟೆಯ ಲೆಕ್ಕದಲ್ಲಿ. ಅದು ಸುಮ್ನೆ ಕೊಟ್ಟದ್ದಲ್ಲ. ಮಾಡೆಲ್‌ಗಳ ಲೆಕ್ಕ ನಡೆಯೋದು ಗ್ರೀನಿಚ್ ಸಮಯದಲ್ಲಿ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ, ಹಾಗಾಗಿ ನಮ್ಮ ಗಡಿಯಾರದಲ್ಲಿ ಅಂಕಿಗಳೆಲ್ಲ ಬೀಳೋದು ಅರ್ಧ ಗಂಟೆಗೇ. ಅಲ್ಲಿನ ಬೆಳಗಿನ ಮೂರು ಗಂಟೆ ನಮ್ಮ 8.30. ಹಾಗೆ ಇಟ್ಟ ಮೇಲೆ ಇಲಾಖೆಯ ಅಂಕಿ ಜೊತೆ ಹೋಲಿಸೋದಕ್ಕೆ ಒಂದು ಅರ್ಥ ಬರುತ್ತದೆ.

ಅದೇ ಗ್ರಾಫ್ ಮೇಲೆ ಅಡ್ಡ ಗೆರೆ ಹಾಕಿಕೊಳ್ಳುವ ಸೌಕರ್ಯವೂ ಇದೆ. ನಾನು 64.5ಕ್ಕೆ ಒಂದು ಕಿತ್ತಳೆ ಗೆರೆ, 115.6ಕ್ಕೆ ಒಂದು ಕೆಂಪು ಗೆರೆ ಹಾಕಿದ್ದೇನೆ. 24 ಗಂಟೆಯಲ್ಲಿ 64.5 ಮಿ.ಮೀ ದಾಟಿದರೆ ಇಲಾಖೆ ಅದನ್ನು ಭಾರಿ ಮಳೆ ಅನ್ನುತ್ತದೆ, 115.6 ದಾಟಿದರೆ ಅತಿ ಭಾರಿ. ಟಿವಿಯವರು 'ಭಾರಿ ಮಳೆ' ಅಂತ ಕೂಗಿದಾಗ ಈ ಗೆರೆ ನೋಡಿದರೆ ಸಾಕು, ಎಷ್ಟು ಕೂಗಬೇಕಿತ್ತು ಅನ್ನೋದು ತಿಳಿಯುತ್ತದೆ.

ಉಷ್ಣಾಂಶದ್ದು ಬೇಗ ಮುಗಿಸುತ್ತೇನೆ. ಜುಲೈನಲ್ಲಿ ಹುಬ್ಬಳ್ಳಿಯಲ್ಲಿ ರಾತ್ರಿ 21, ಹಗಲು 26 ಅಥವಾ 27. ಆಟೋದಲ್ಲಿ ಅದೇ ಐದಾರು ಡಿಗ್ರಿ ಇಡೀ ಪರದೆ ತುಂಬಿ ಗುಡ್ಡ ಕಣಿವೆ ಥರ ಕಾಣುತ್ತದೆ. 10ರಿಂದ 42 ಇಟ್ಟರೆ ವರ್ಷಪೂರ್ತಿ ಮುಟ್ಟಬೇಕಿಲ್ಲ. ಮುಖ್ಯವಾಗಿ ಬಣ್ಣ ಬದಲಿಸಿ. ಆಪ್ ಮಾಡಿದವರು ತಂಪು ದೇಶದವರಿರಬೇಕು, 25 ದಾಟಿದರೆ ಕೆಂಪು ಹಚ್ಚಿದ್ದಾರೆ. ನಮಗೆ 25 ಅಂದ್ರೆ ಸ್ವೆಟರ್ ತೆಗೆಯಬೇಕೋ ಬೇಡವೋ ಅಂತ ಯೋಚಿಸುವ ಹೊತ್ತು. ನಾನು 18ರ ಕೆಳಗೆ ನೀಲಿ, 30ರವರೆಗೆ ಹಸಿರು, 36ರವರೆಗೆ ಕಿತ್ತಳೆ, ಆಮೇಲೆ ಕೆಂಪು ಇಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಕೆಂಪು ಕಂಡರೆ ಅದಕ್ಕೊಂದು ಬೆಲೆ ಇರುತ್ತದೆ.

ಒತ್ತಡದ ಗ್ರಾಫ್ ನನ್ನ ಮೆಚ್ಚಿನದು, ಬೈಕಿಗೂ ಹೊಲಕ್ಕೂ ಅದರಿಂದ ಏನೂ ಆಗಬೇಕಿಲ್ಲದಿದ್ದರೂ. ಮಳೆಗೆ ಆಟೋ ಸ್ಕೇಲ್ ಕೆಟ್ಟದ್ದಾದರೆ ಇಲ್ಲಿ ಕೆಟ್ಟದ್ದು ಅವರು ಮೊದಲೇ ಕಟ್ಟಿಟ್ಟ ಸ್ಕೇಲ್. 960ರಿಂದ 1040 ಹೆಕ್ಟೊಪಾಸ್ಕಲ್. ಯುರೋಪಿನಲ್ಲಿ ಚಳಿಗಾಲದ ಬಿರುಗಾಳಿ ಬಂದಾಗ ಒತ್ತಡ ಅಷ್ಟು ಕೆಳಗೆ ಬೀಳುತ್ತದೆ, ಅವರಿಗೆ ಅಷ್ಟಗಲ ಬೇಕು. ನಮ್ಮಲ್ಲಿ ಆ ಸ್ಕೇಲ್‌ನಲ್ಲಿ ಗೆರೆ ಮಲಗಿಯೇ ಇರುತ್ತದೆ, ಏಳೋದೇ ಇಲ್ಲ. 1000ದಿಂದ 1020 ಮಾಡಿ ನೋಡಿ. ದಿನಕ್ಕೆ ಎರಡು ಅಲೆ ಎದ್ದು ಕಾಣುತ್ತವೆ. ಬೆಳಿಗ್ಗೆ ಹತ್ತರ ಸುಮಾರಿಗೆ ಏರು, ಮಧ್ಯಾಹ್ನ ನಾಲ್ಕರ ಸುಮಾರಿಗೆ ಇಳಿತ, ಮತ್ತೆ ರಾತ್ರಿ ಹತ್ತಕ್ಕೆ ಏರು, ನಸುಕಿನ ನಾಲ್ಕಕ್ಕೆ ಇಳಿತ. ಏರಿಳಿತ ಮೂರು ನಾಲ್ಕು ಹೆಕ್ಟೊಪಾಸ್ಕಲ್, ಅಷ್ಟೇ. ಮಧ್ಯಾಹ್ನ ಗೆರೆ ಇಳಿಯೋದು ನೋಡಿ 'ಒತ್ತಡ ಕುಸೀತು, ಸಂಜೆ ಮಳೆ ಗ್ಯಾರಂಟಿ' ಅಂತ ಲೆಕ್ಕ ಹಾಕುವವರು ಇದ್ದಾರೆ. ಅದು ಮಳೆಯ ಸೂಚನೆ ಅಲ್ಲ. ಸೂರ್ಯನ ಬಿಸಿಗೆ ಮೇಲಿನ ವಾತಾವರಣ ದಿನಾ ಹಿಗ್ಗಿ ಕುಗ್ಗುವುದರಿಂದ ಏಳುವ ಅಲೆ ಅದು, ಸಮುದ್ರದ ಭರತ ಇಳಿತದ ಹಾಗೆ ಗಾಳಿಗೂ ಒಂದು ಇದೆ. ನಮ್ಮಂಥ ಬಿಸಿ ನಾಡಿನಲ್ಲಿ ಇದು ಎದ್ದು ಕಾಣುತ್ತದೆ, ಧ್ರುವದ ಕಡೆ ಹೋದ ಹಾಗೆ ಸಣ್ಣದಾಗುತ್ತದೆ. ನಿಜವಾಗಿ ನೋಡಬೇಕಾದ್ದು ಇವತ್ತಿನ ಮಧ್ಯಾಹ್ನ ನಾಲ್ಕರ ಅಂಕಿ ನಿನ್ನೆಯ ನಾಲ್ಕರ ಅಂಕಿಗಿಂತ ಎಷ್ಟು ಕೆಳಗಿದೆ ಅನ್ನೋದನ್ನು. ಅದಕ್ಕೂ ಇಲ್ಲೊಂದು ಆಯ್ಕೆ ಇದೆ, ನಿನ್ನೆಯ ಗೆರೆಯನ್ನು ತೆಳ್ಳಗೆ ಹಿಂದೆ ಇಡಬಹುದು.

ಫೋನಿನಲ್ಲಿ ಒತ್ತಡದ ಸೆನ್ಸರ್ ಇದ್ದರೆ ಅದರ ಅಂಕಿಯನ್ನೂ ಇದೇ ಗ್ರಾಫ್‌ಗೆ ತರಬಹುದು. ತಂದರೆ ಗೆರೆ ಮಾಯ! ಗಾಬರಿ ಆಗಬೇಡಿ. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗಿಂತ ಮೇಲಿದೆ, ಫೋನ್ ಅಳೆಯೋದು ಇಲ್ಲಿನ ನಿಜವಾದ ಒತ್ತಡವನ್ನು, ಅದು ಮುನ್ಸೂಚನೆಯಲ್ಲಿ ಬರುವ ಸಮುದ್ರಮಟ್ಟದ ಅಂಕಿಗಿಂತ ಸುಮಾರು 70 ಹೆಕ್ಟೊಪಾಸ್ಕಲ್ ಕಡಿಮೆ. ಗೆರೆ ಗ್ರಾಫ್‌ನ ಕೆಳಗೆ ಹೊರಗೆಲ್ಲೋ ಹೋಗಿರುತ್ತದೆ. ಎತ್ತರ ತುಂಬುವ ಖಾನೆಯಲ್ಲಿ ನಿಮ್ಮ ಮನೆಯ ಎತ್ತರ ಹಾಕಿದರೆ ಎರಡೂ ಹತ್ತಿರ ಬರುತ್ತವೆ.

ಗಾಳಿಯ ಗ್ರಾಫ್‌ನಲ್ಲಿ ಮಾತ್ರ ಆಪ್ ಮಾಡಿದವರ ತಲೆ ಕೆಟ್ಟಿತ್ತೇನೋ. ಸರಾಸರಿ ಗಾಳಿಗೆ ಎಡಗಡೆ ಒಂದು ಸ್ಕೇಲ್, ಬೀಸಿ ಹೊಡೆಯುವ ಜೋರು ಗಾಳಿಗೆ ಬಲಗಡೆ ಇನ್ನೊಂದು. ಎರಡೂ ಆಟೋ. ಹೀಗಾಗಿ 14 ಕಿ.ಮೀ ಸರಾಸರಿ, 38 ಕಿ.ಮೀ ಜೋರು ಗಾಳಿ, ಎರಡು ಗೆರೆಯೂ ಒಂದರ ಮೇಲೊಂದು ಅಂಟಿಕೊಂಡು ಹೋಗುತ್ತವೆ. ಬಲಗಡೆಯ ಸ್ಕೇಲ್ ಆಫ್ ಮಾಡಿ, ಎರಡನ್ನೂ ಎಡಗಡೆಗೆ ತಂದು, 0ಯಿಂದ 60 ಕಿ.ಮೀ ಇಡಿ. ಆಗ ಅಂತರ ಕಾಣುತ್ತದೆ. ಎಣ್ಣಿ ಹೊಡೆಯೋರಿಗೆ ಈ ಅಂತರವೇ ಬೇಕಾದ್ದು. ಸರಾಸರಿ ಕಡಿಮೆ ಇದ್ದರೂ ನಡುನಡುವೆ ಜೋರು ಬೀಸಿದರೆ ಎಣ್ಣಿ ಪಕ್ಕದವರ ಹೊಲಕ್ಕೆ, ಇಲ್ಲಾ ಹೊಡೆಯೋನ ಮುಖಕ್ಕೆ. ಅಣ್ಣ 15 ಕಿ.ಮೀಗೆ ಒಂದು ಅಡ್ಡ ಗೆರೆ ಹಾಕಿಸಿಕೊಂಡಿದ್ದಾನೆ, ಜೋರು ಗಾಳಿಯ ಗೆರೆಯೂ ಅದರ ಕೆಳಗಿರುವ ಹೊತ್ತು ಹುಡುಕುತ್ತಾನೆ. ಜೂನ್ ಜುಲೈನಲ್ಲಿ ಹಾಗೆ ಸಿಗೋದು ಹೆಚ್ಚಾಗಿ ನಸುಕಿನಲ್ಲಿ.

ಗದಗಿನ ಕಡೆಯ ಗೆಳೆಯನೊಬ್ಬ ಇದೇ ಆಪ್ ಹಾಕಿಕೊಂಡು 'ಗುಡ್ಡದ ಮ್ಯಾಲಿನ ಫ್ಯಾನು ಗರಗರ ತಿರಗಾಕತ್ತಾವು, ಇದು ನೋಡಿದ್ರ ಹನ್ನೆರಡು ಕಿಲೋಮೀಟರ್ ಅಂತೈತಿ' ಅಂತ ಬೈದ. ಕಪ್ಪತಗುಡ್ಡದ ಕಡೆಯವರು ಇದನ್ನು ನೆನಪಿಡಿ. ಆಪ್ ತೋರಿಸೋದು ನೆಲದಿಂದ 10 ಮೀಟರ್ ಎತ್ತರದ ಗಾಳಿ, ಎಲ್ಲ ಕಡೆ ಅದೇ ಲೆಕ್ಕ. ಗಾಳಿಯಂತ್ರದ ರೆಕ್ಕೆ ತಿರುಗೋದು ಅದಕ್ಕಿಂತ ಎಷ್ಟೋ ಮೇಲೆ, ಅದೂ ಗುಡ್ಡದ ನೆತ್ತಿಯಲ್ಲಿ. ಅಲ್ಲಿನ ಗಾಳಿಯೇ ಬೇರೆ. 100 ಮೀಟರ್ ಎತ್ತರದ ಗಾಳಿಯನ್ನೂ ಈ ಆಪ್‌ನಲ್ಲಿ ಒಂದು ಗೆರೆಯಾಗಿ ಸೇರಿಸಬಹುದು, ಆದರೆ ಹಣ ಕೊಟ್ಟವರಿಗೆ ಮಾತ್ರ.

ತೇವಾಂಶದ ಗ್ರಾಫ್ ನನಗೆ ಬೇಡವಾಗಿತ್ತು. ಬ್ಯಾಡಗಿ ಕಡೆ ಮೆಣಸಿನಕಾಯಿ ಒಣಹಾಕುವ ನಮ್ಮ ಭಾವನಿಗೆ ಬೇಕಿತ್ತು, ಅದಕ್ಕೇ ನೋಡಿದೆ. ಶೇಕಡಾ ಲೆಕ್ಕದ ತೇವಾಂಶ ದಿನಾ ಬೆಳಿಗ್ಗೆ ಏರಿ ಮಧ್ಯಾಹ್ನ ಇಳಿಯುತ್ತದೆ, ಗಾಳಿಯಲ್ಲಿ ನೀರಿನಂಶ ಅಷ್ಟೇ ಇದ್ದರೂ. ಅದನ್ನು ನೋಡಿ ಏನೂ ತಿಳಿಯಲ್ಲ. ಅದರ ಬದಲು ಡ್ಯೂ ಪಾಯಿಂಟ್ (ಗಾಳಿಯಲ್ಲಿನ ನೀರು ಇಬ್ಬನಿಯಾಗತೊಡಗುವ ಉಷ್ಣಾಂಶ) ಗೆರೆಯನ್ನು ಉಷ್ಣಾಂಶದ ಗ್ರಾಫ್‌ನಲ್ಲೇ, ಅದೇ ಸ್ಕೇಲ್‌ನಲ್ಲಿ ಸೇರಿಸಿ. ರಾತ್ರಿ ಎರಡು ಗೆರೆ ಹತ್ತಿರ ಬಂದು ಕೂಡಿಕೊಂಡರೆ ಇಬ್ಬನಿ ಬೀಳುವ ಸಂಭವ ಜಾಸ್ತಿ ಅಂತ ತಿಳಿದು ಕಣದಲ್ಲಿ ಹರಡಿದ ಕಾಯಿ ಮುಚ್ಚಬೇಕು. ದೂರ ದೂರ ಇದ್ದರೆ ಹಾಗೇ ಬಿಡಬಹುದು. ಭಾವ ಈಗ ಬೇರೆ ಯಾವ ಗ್ರಾಫೂ ನೋಡಲ್ಲ.

ಮಳೆಯ ಸಾಧ್ಯತೆ ಅಂತ ಶೇಕಡಾ ಗೆರೆ ಒಂದು ಮಳೆ ಪಟ್ಟಿಯ ಮೇಲೆಯೇ ಓಡುತ್ತದೆ. ನಾನು ಅದನ್ನು ತೆಗೆದಿದ್ದೇನೆ. 80 ಅಂದ್ರೆ ಜೋರು ಮಳೆ ಅಂತ ಮನೆಯಲ್ಲಿ ಎಲ್ಲರೂ ಓದುತ್ತಾರೆ. 80 ಅಂದ್ರೆ ಮಳೆ ಬರುವ ಸಂಭವ ಜಾಸ್ತಿ ಅಂತ ಮಾತ್ರ, ಬರೋದು ಹನಿಯೂ ಆಗಬಹುದು. ಬೇಕೇ ಬೇಕು ಅನ್ನೋರು ಅದನ್ನು ಬೇರೆ ಗ್ರಾಫ್‌ಗೆ ಸಾಗಿಸಿ.

ನೋಟದ ಬಗ್ಗೆ ಎರಡು ಮಾತು. ಗೆರೆಯ ದಪ್ಪ ಬದಲಿಸಬಹುದು, ಅಂಕಿಯ ಗಾತ್ರ ಬದಲಿಸಬಹುದು, ಗ್ರಾಫ್‌ಗಳನ್ನು ಎಳೆದು ಮೇಲೆ ಕೆಳಗೆ ಮಾಡಬಹುದು. ಬಿಸಿಲಿನಲ್ಲಿ ನೋಡೋರು ಕಪ್ಪು ಹಿನ್ನೆಲೆ ಬಿಟ್ಟು ಬಿಳಿ ಇಟ್ಟುಕೊಳ್ಳಿ, ಗೆರೆ ಒಂದು ಮಟ್ಟ ದಪ್ಪ ಮಾಡಿ. ಕನ್ನಡದಲ್ಲಿ ಇಟ್ಟರೆ ವಾರದ ಹೆಸರುಗಳ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತದೆ. ಶುಕ್ರವಾರದ 'ಕ್ರ'ದಲ್ಲಿ ಕೆಳಗಿನ ಸುತ್ತು ಕಾಣದೆ ಅದು 'ಶುಕ' ಆಗಿ ಕೂತಿರುತ್ತದೆ. ಅಕ್ಷರದ ಗಾತ್ರ ಎಷ್ಟು ಕಡಿಮೆ ಮಾಡಿದರೂ ಅಷ್ಟೇ, ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಸಾಲು ಹಾಕಿದ್ದಾರೆ. ಬರೆದು ಕೇಳಿದೆ, ಮುಂದಿನ ಅಪ್‌ಡೇಟ್‌ನಲ್ಲಿ ಅಂದರು. ಆಮೇಲೆ ಅಪ್‌ಡೇಟ್ ಬಂತು, ಶುಕ್ರವಾರ ಹಾಗೇ ಇದೆ.

ಒಂದು ಸ್ಟಾರ್ ಕಡಿದದ್ದು ಆ ಅಪ್‌ಡೇಟ್‌ಗಾಗಿಯೇ. ಅದು ಬಂದ ದಿನ ನಾನು ಕಟ್ಟಿಕೊಂಡಿದ್ದ ಸ್ಕೇಲ್, ಬಣ್ಣ, ಅಡ್ಡ ಗೆರೆ ಎಲ್ಲ ಅಳಿಸಿ ಹೋಗಿ ಗ್ರಾಫ್‌ಗಳೆಲ್ಲ ಮತ್ತೆ ಆಟೋಗೆ ಬಂದಿದ್ದವು. ಒಂದು ಮಾತು ಕೇಳಲಿಲ್ಲ, ಒಂದು ಎಚ್ಚರಿಕೆ ಕೊಡಲಿಲ್ಲ. ಇಷ್ಟೊಂದು ಬದಲಿಸೋಕೆ ಬಿಡುವ ಆಪ್‌ನಲ್ಲಿ ಸೆಟ್ಟಿಂಗ್ಸ್ ಉಳಿಸಿಕೊಳ್ಳೋಕೆ ಬ್ಯಾಕಪ್ ಇಲ್ಲ ಅಂದ್ರೆ ಏನು ಹೇಳೋಣ. ಅಣ್ಣನ ಫೋನಿನದನ್ನು ಸರಿ ಮಾಡೋಕೆ ಅಣ್ಣಿಗೇರಿಗೆ ಹೋಗಿ ಬರಬೇಕಾಯಿತು. ಫೋನಿನಲ್ಲಿ ಮಾತಾಡುತ್ತಾ 'ಎಡಗಡೆ ಒತ್ತಿ ಹಿಡಿ, ಟಿಕ್ ತಗಿ' ಅಂತ ಹೇಳಿ ಮುಗಿಸುವ ಕೆಲಸವಲ್ಲ ಅದು. ಈಗ ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆದು ಇಟ್ಟಿದ್ದೇನೆ, ನೀವೂ ಹಾಗೆ ಮಾಡಿ.

ವಿಜೆಟ್ ಚೆನ್ನಾಗಿದೆ, ಸ್ಕೇಲ್ ಬದಲಿಸಿದ್ದು ಅಲ್ಲಿಗೂ ಬರುತ್ತದೆ. ಫೋನ್ ಬ್ಯಾಟರಿ ಉಳಿಸೋಕೆ ಅಂತ ಆಪ್‌ನ ಹಿನ್ನೆಲೆ ಕೆಲಸ ನಿಲ್ಲಿಸಿದರೆ ಮಾತ್ರ ನಿನ್ನೆಯ ಗ್ರಾಫೇ ಕೂತಿರುತ್ತದೆ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಇದಕ್ಕೆ ವಿನಾಯಿತಿ ಕೊಡಿ. ಹಾಗಂತ ಹತ್ತು ನಿಮಿಷಕ್ಕೊಮ್ಮೆ ರಿಫ್ರೆಶ್ ಇಡೋದೂ ದಂಡ. ಜಿಎಫ್‌ಎಸ್ ದಿನಕ್ಕೆ ನಾಲ್ಕೇ ಸಲ ಓಡೋದು, ನಮ್ಮ ಲೆಕ್ಕದಲ್ಲಿ 5.30, 11.30, ಮತ್ತೆ ಸಂಜೆ ರಾತ್ರಿಯ ಅದೇ ಹೊತ್ತು, ಫಲಿತಾಂಶ ಕೈಗೆ ಬರೋದು ಅದಾದ ಕೆಲವು ಗಂಟೆ ಮೇಲೆ. ನಡುವೆ ಎಷ್ಟು ಸಲ ಎಳೆದರೂ ಅದೇ ಅಂಕಿ. ನಾನು ಆರು ಗಂಟೆಗೊಮ್ಮೆ ಇಟ್ಟಿದ್ದೇನೆ.

ಗ್ರಾಫ್ ಎಷ್ಟೇ ಚಂದ ಮಾಡಿದರೂ ಆಗದ ಕೆಲಸವೊಂದಿದೆ. ಉಣಕಲ್‌ನಲ್ಲಿ ಸುರಿದು ಕೇಶ್ವಾಪುರದಲ್ಲಿ ಬಿಸಿಲು ಹೊಡೆಯುವ ಏಪ್ರಿಲ್ ಮೇ ತಿಂಗಳ ಅಡ್ಡಮಳೆಯನ್ನು ಇದು ಹಿಡಿಯೋದಿಲ್ಲ. ಇಸಿಎಂಡಬ್ಲ್ಯುಎಫ್ ಲೆಕ್ಕದ ಒಂದು ಚೌಕ ಸುಮಾರು 9 ಕಿ.ಮೀ, ಜಿಎಫ್‌ಎಸ್‌ನದು ಸುಮಾರು 13. ಇಡೀ ಹುಬ್ಬಳ್ಳಿ ಅಂಥ ಒಂದೆರಡು ಚೌಕದಲ್ಲಿ ಮುಗಿದು ಹೋಗುತ್ತದೆ. ಓಣಿ ಮಟ್ಟದ ಮಳೆ ಅದರೊಳಗೆ ಇಲ್ಲವೇ ಇಲ್ಲ, ಸ್ಕೇಲ್ ಬದಲಿಸಿ ಅದನ್ನು ಹುಟ್ಟಿಸೋಕಾಗಲ್ಲ. ಅಂಥ ಸಂಜೆ ಹೊಲದಲ್ಲಿರೋರು ಈ ಆಪ್ ಬಿಟ್ಟು ದಾಮಿನಿ ನೋಡಬೇಕು. ಪುಣೆಯ ಹವಾಮಾನ ಸಂಸ್ಥೆ ಐಐಟಿಎಂನವರು ಮಾಡಿದ್ದು, ಸುತ್ತ 20, 40 ಕಿ.ಮೀ ಒಳಗೆ ಸಿಡಿಲಿದ್ದರೆ ಎಚ್ಚರಿಸುತ್ತದೆ, ದುಡ್ಡೂ ಇಲ್ಲ.

ಇಷ್ಟೆಲ್ಲ ಒತ್ತಿ ತಿರುವುವ ತಾಳ್ಮೆ ಇಲ್ಲದವರಿಗೆ ನಾರ್ವೆಯವರ ಯರ್ ಸಾಕು, ಜಾಹೀರಾತಿನ ಕಾಟವಿಲ್ಲ. ನಕ್ಷೆ ನೋಡೋರಿಗೆ ವಿಂಡಿ ಇದೆ, ಕೆಳಗಿನ ಬಣ್ಣದ ಪಟ್ಟಿ ಮುಟ್ಟಿದರೆ ಗಾಳಿಯ ಅಳತೆ ನಾಟ್‌ನಿಂದ ಕಿ.ಮೀಗೆ ಬದಲಾಗುತ್ತದೆ, ಎಷ್ಟೋ ಜನಕ್ಕೆ ಇದೇ ಗೊತ್ತಿಲ್ಲ. ಅಂಕಿ ಬೆನ್ನು ಹತ್ತೋರು, ಹೊಲ ಇರೋರು, ದಿನಾ ಹುಬ್ಬಳ್ಳಿ ಧಾರವಾಡ ಓಡಾಡೋರು ಈ ಆಪ್ ಹಾಕಿಕೊಳ್ಳಿ. ಉಚಿತ ಆವೃತ್ತಿಯಲ್ಲಿ ಎರಡೇ ಗ್ರಾಫ್ ಬದಲಿಸಬಹುದು. ಒಂದನ್ನು ಮಳೆಗೆ, ಇನ್ನೊಂದನ್ನು ಗಾಳಿಗೆ ಇಟ್ಟುಕೊಂಡು ಒಂದು ಮುಂಗಾರು ಕಳೆದು ನೋಡಿ. ವರ್ಷದ ಚಂದಾ ₹300ರೊಳಗೇ ಇದೆ, ಕೊಡೋದಾದರೆ ಆಂಡ್ರಾಯ್ಡ್‌ನಲ್ಲಿ ಕೊಡಿ. ನಮ್ಮ ಅತ್ತಿಗೆಯ ಐಫೋನಿನಲ್ಲಿ ಹಾಕಿ ನೋಡಿದೆ, ಆಪ್ ಒಳಗೆ ಎಲ್ಲ ಬದಲಾಗುತ್ತದೆ, ವಿಜೆಟ್ ಮಾತ್ರ ಇನ್ನೂ ಆಟೋದಲ್ಲೇ ಇದೆ.